ಹೆಸರು ಹಿಡಿದು ಕರೆದವಳು

ಹೆಜಮಾಡಿಯ ಗುಲಾಬಿಗೆ ಮದುವೆಯಾಗಿ ಹತ್ತು ವರ್ಷ ಕಳೆದ ಮೇಲೆ ಒಂದು ದಿನ ಗೊತ್ತಾಯಿತು, ಸರಕಾರದ ಲೆಕ್ಕದಲ್ಲಿ ತನ್ನ ಗಂಡನಿಗೆ ಬೇರೆ ಹೆಂಡತಿ ಉಂಟು ಎಂದು. ಯಾರು ಆ ಹೆಂಡತಿ? ಗಂಡನ ಒಡಹುಟ್ಟಿದ ಅಕ್ಕ! ಕೇಳಿದ ಮೊದಲ ಗಳಿಗೆಯಲ್ಲಿ ಗುಲಾಬಿ ನಕ್ಕುಬಿಟ್ಟಳು. ನಗದೆ ಇನ್ನೇನು ಮಾಡುತ್ತಾರೆ ಹೇಳಿ. ಮನುಷ್ಯನಿಗೆ ತಲೆ ಕೆಟ್ಟರೆ ಲಿಂಬೆಹುಳಿ ತಿಕ್ಕಬಹುದು, ಸರಕಾರಕ್ಕೆ ಕೆಟ್ಟರೆ ತಿಕ್ಕುವುದೆಲ್ಲಿಗೆ?

ಆದರೆ ಆ ಸುದ್ದಿ ಹೇಳಿದ ಪ್ಯಾಟ್ರಿಕ್ ಪೊರ್ಬುಗಳು ನಗಲಿಲ್ಲ. ಅವರು ದಂಡಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಉಡುಪಿಯ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಅಂಗಡಿಯ ಜಗಲಿಯಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಮಾಜಿ ಸಿಪಾಯಿಗಳಿಗೆ ಅರ್ಜಿ ಬರೆದುಕೊಡುತ್ತಿದ್ದರು. ಗುಲಾಬಿಯ ಗಂಡನ ಪಿಂಚಣಿಯ ವಿಷಯ ಕೇಳಿ ಬರೆದದ್ದಕ್ಕೆ ದಂಡಿನಿಂದ ಬಂದ ಉತ್ತರವನ್ನು ಮೂಗಿನ ತುದಿಯ ಕನ್ನಡಕದಲ್ಲಿ ಇನ್ನೊಮ್ಮೆ ಓದಿದರು. ಹೆಂಡತಿ, ಅಮ್ಮಣ್ಣಿ. ಮಗ, ಉಮಾನಾಥ. ಊರು, ಕಾಪು. ಹಾಗಂತ ಅಚ್ಚುಕಟ್ಟಾಗಿ ಬರೆದಿತ್ತು.

ಪಕ್ಕದಲ್ಲಿ ಕೂತಿದ್ದ ಗಂಡ ಬೂಬ ಎದೆ ಹಿಡಿದುಕೊಂಡು ಕೆಮ್ಮಿದ. ಕೆಮ್ಮು ನಿಂತ ಮೇಲೆ ತಪ್ಪು ಆದದ್ದು ಹೇಗೆ ಎಂದು ಅವನೇ ಹೇಳಿದ. ಯುದ್ಧದ ಕಾಲ. ಮಂಗಳೂರಿನಲ್ಲಿ ಆಳು ಸೇರಿಸುತ್ತಿದ್ದವರ ಮುಂದೆ ಹೋಗಿ ನಿಂತಾಗ ಮೇಜಿನ ಹಿಂದೆ ಕೂತಿದ್ದವನು ಬಡಗಿನ ಕಡೆಯವನು. ನಿನ್ನ ಮನೆಯಲ್ಲಿ ಯಾರಿದ್ದಾರೆ, ಸಂಬಳ ಯಾರಿಗೆ ಕಳಿಸಬೇಕು, ನೀನು ಸತ್ತರೆ ಯಾರಿಗೆ ತಿಳಿಸಬೇಕು, ನಿನ್ನದೆಲ್ಲ ಯಾರಿಗೆ ಸೇರಬೇಕು ಎಂದು ಅವನು ಕೇಳಿದ. ಎಲ್ಲದಕ್ಕೂ ಬೂಬ ಕೊಟ್ಟದ್ದು ಒಂದೇ ಉತ್ತರ: ಅಮ್ಮಣ್ಣಿ, ಅವಳ ನಂತರ ಉಮಾನಾಥ. ಅಳಿಯಸಂತಾನದ ಮನೆಯಲ್ಲಿ ಹುಟ್ಟಿದ ಗಂಡಸು ಬೇರೆ ಯಾರ ಹೆಸರು ಹೇಳಿಯಾನು? ಅವನಿಗೆ ಮನೆ ಎಂದರೆ ಅಕ್ಕನ ಮನೆ. ದುಡಿದದ್ದು ಅಲ್ಲಿಗೆ, ಸತ್ತ ಮೇಲೆ ಉಳಿದದ್ದು ಅಕ್ಕನ ಮಕ್ಕಳಿಗೆ. ಹೆಂಡತಿ ಬಂದರೂ ಅವಳು ತನ್ನ ತಾಯಿಯ ಮನೆಯಲ್ಲಿಯೇ ಇರುತ್ತಾಳೆ, ಗಂಡ ಹೋಗಿ ಬಂದು ಮಾಡುತ್ತಾನೆ. ಇದನ್ನು ಬಡಗಿನವನಿಗೆ ಯಾರು ಬಿಡಿಸಿ ಹೇಳಬೇಕಿತ್ತು? ಸಂಬಳ ಪಡೆಯುವವಳು ಹೆಂಗಸು, ಅದೇ ಮನೆಯವಳು, ಮಡಿಲಲ್ಲಿ ಕೂಸು ಬೇರೆ. ಹೆಂಡತಿ ಅಲ್ಲದೆ ಇನ್ನೇನು ಎಂದು ಬರೆದು ಮುಗಿಸಿದ. ಬೂಬ ಹೆಬ್ಬೆಟ್ಟು ಒತ್ತಿದ.

ಇಪ್ಪತ್ತು ವರ್ಷ ಅದು ಯಾರಿಗೂ ತೊಂದರೆ ಕೊಡಲಿಲ್ಲ. ಈಗ ಕೊಟ್ಟಿತು. ಬರ್ಮಾದ ಕಾಡಿನಲ್ಲಿ ಬೂಬನ ಎದೆಗೆ ಹೊಕ್ಕ ಸಿಡಿಗುಂಡಿನ ಚೂರು ಅಲ್ಲೇ ಕೂತಿತ್ತು. ಮಣಿಪಾಲದ ಡಾಕ್ಟರು ಎದೆಯ ಫೋಟೋ ತೆಗೆದು, ಶ್ವಾಸಕೋಶ ಕೊಳೆಯುತ್ತಾ ಬಂದಿದೆ, ಮುಟ್ಟಿದರೆ ಇವತ್ತೇ ಹೋಗುತ್ತಾನೆ, ಮುಟ್ಟದಿದ್ದರೆ ಸ್ವಲ್ಪ ತಡೆದು ಹೋಗುತ್ತಾನೆ ಎಂದಿದ್ದರು. ಯುದ್ಧದ ಗಾಯದಿಂದ ಸತ್ತರೆ ಹೆಂಡತಿಗೆ ಬದುಕಿರುವಷ್ಟು ಕಾಲ ಪಿಂಚಣಿ ಎಂದು ಪೊರ್ಬುಗಳು ಹೇಳಿದರು. ಹೆಂಡತಿಗೆ. ಅಂದರೆ ಕಾಗದದ ಹೆಂಡತಿಗೆ.

ಗುಲಾಬಿಯ ನಗು ಆಗ ನಿಂತಿತು. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗಿ ಅವಳು ಬದುಕುತ್ತಿದ್ದಳು. ಮಗಳು ಸುಭಾಷಿಣಿಗೆ ಎಂಟು ವರ್ಷ, ಶಾಲೆಯಲ್ಲಿ ಜಾಣೆ. ಅವಳ ತಲೆಗೂ ಬುಟ್ಟಿ ಬರಬಾರದು ಎಂಬುದು ಒಂದು ಚಿಂತೆ. ಅದಕ್ಕಿಂತ ದೊಡ್ಡದು ಇನ್ನೊಂದು. ಅಕ್ಕ ಹೆಂಡತಿಯಾದರೆ ತಾನು ಯಾರು? ಧಾರೆ ಎರೆಸಿಕೊಂಡು ಕರಿಮಣಿ ಕಟ್ಟಿಸಿಕೊಂಡವಳು ಇಟ್ಟುಕೊಂಡವಳಾಗಬೇಕೇ? ಮಗಳನ್ನು ಮದುವೆಯಾಗಲು ಬಂದವರು, ಇವಳ ಅಪ್ಪನ ಹೆಂಡತಿ ಕಾಪುವಿನಲ್ಲಿದ್ದಾಳಂತಲ್ಲ ಎಂದು ಕೇಳಿದರೆ ಬಾಯಿ ತೆರೆಯುವುದು ಹೇಗೆ?

"ತಿದ್ದಿಸಬಹುದು," ಎಂದರು ಪೊರ್ಬುಗಳು. "ಅರ್ಜಿ ಹಾಕುವ. ಇಲ್ಲಿ ಒಂದು ವಿಚಾರಣೆ ಆಗ್ತದೆ. ಅಕ್ಕ ಬಂದು, ನಾನು ಅಕ್ಕ ಅಂತ ಒಂದು ಮಾತು ಹೇಳಿದರೆ ಮುಗಿಯಿತು."

"ಅದಕ್ಕೆಂತ ಕಷ್ಟ," ಎಂದ ಬೂಬ. "ಅಕ್ಕ ಹೇಳದೆ ಇರ್ತಾಳಾ?"

ಅಕ್ಕ ಅಂದರೆ ಅವನಿಗೆ ಪ್ರಾಣ. ತಾಯಿ ಬೇಗ ತೀರಿಕೊಂಡದ್ದರಿಂದ ಅಮ್ಮಣ್ಣಿಯೇ ಅವನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದವಳು. "ಬೂಬಾ" ಎಂದು ಅವಳು ಅಂಗಳದಲ್ಲಿ ನಿಂತು ಕೂಗಿದರೆ ಕಡಲ ದಂಡೆಯ ಕಡಪ್ಪುರದಲ್ಲಿ ಬಲೆ ಎಳೆಯುವವರು ತಲೆ ಎತ್ತುತ್ತಿದ್ದರಂತೆ. ಅವಳ ಗಂಡ ಕಿಟ್ಟ ಬೊಂಬಾಯಿಗೆ ಹೋಟೆಲಿನ ಕೆಲಸಕ್ಕೆ ಹೋದವನು ಹಿಂದೆ ಬರಲೂ ಇಲ್ಲ, ಸತ್ತ ಸುದ್ದಿಯೂ ಇಲ್ಲ. ಇವತ್ತು ಬಂದಾನು, ನಾಳೆ ಬಂದಾನು ಎಂದು ಕೈತುಂಬ ಹಸಿರು ಬಳೆ ಇಟ್ಟುಕೊಂಡೇ ಅವಳು ಮುದುಕಿಯಾಗುತ್ತಿದ್ದಳು. ತಮ್ಮನ ದುಡಿಮೆಯಲ್ಲಿ ಮಗನನ್ನು ಬೆಳೆಸಿದಳು. ಗುಲಾಬಿಯನ್ನು ಕಂಡರೆ ಅತಿ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ಕಾಪುವಿಗೆ ಹೋದಾಗ ಎಳನೀರಿನ ಬೊಂಡ ಕೆತ್ತಿಸಿ ಕೊಡುತ್ತಿದ್ದಳು.

ಆದರೆ ಮಗ ಉಮಾನಾಥ? ಅವನು ದೊಡ್ಡ ಜನ ಮಾರಾಯರೇ. ಸಿಪಾಯಿಯ ಮಗ ಎಂಬ ದಂಡಿನ ಕಾಗದ ತೋರಿಸಿ ಫೀಸು ಇಲ್ಲದೆ ಓದಿದ್ದ. ಅದೇ ಕಾಗದ ತೋರಿಸಿ ಕಾರ್ಕಳದ ಕಡೆ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಮಾವನಿಗೆ ಗೊತ್ತಿಲ್ಲದ ತಪ್ಪು ಅಳಿಯನಿಗೆ ಶಾಲೆಗೆ ಹೋಗುವ ಕಾಲದಿಂದಲೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಟ್ಟಿರಲಿಲ್ಲ. ಕೈಗೆ ಬಂದ ತುತ್ತನ್ನು ಎಲ್ಲಿಂದ ಬಂತೆಂದು ವಿಚಾರಿಸುವ ಜಾತಿ ಅವನದಲ್ಲ.

ಅರ್ಜಿಯ ಸುದ್ದಿ ಕೇಳಿದ ಭಾನುವಾರವೇ ಇಸ್ತ್ರಿ ಪ್ಯಾಂಟು ಹಾಕಿಕೊಂಡು ಹೆಜಮಾಡಿಗೆ ಬಂದ. ಬೂಬ ಅಲ್ಲೇ ಇದ್ದ. ಉಮಾನಾಥ ಗುಲಾಬಿಯನ್ನು ಅತ್ತೆ ಎಂದು ಕರೆದ, ಅವಳು ಕೊಟ್ಟ ಚಾ ಕುಡಿದ, ಸುಭಾಷಿಣಿಯ ಕೈಗೆ ಪೆಪ್ಪರ್‌ಮಿಂಟು ಕೊಟ್ಟ. ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದ. ಕಾಗದದಲ್ಲಿ ಇರುವುದು ಕಾಗದದಲ್ಲಿ ಇರಲಿ, ಅದರಿಂದ ಯಾರ ಮಾನವೂ ಹೋಗುವುದಿಲ್ಲ, ಪಿಂಚಣಿ ಬಂದರೆ ಅತ್ತೆಗೆ ತಾನೇ ಒಂದು ಪಾಲು ಕೊಡುತ್ತೇನೆ ಎಂದ. ತಿದ್ದಿದರೆ ತನ್ನ ಕೆಲಸ ಹೋಗುತ್ತದೆ, ಸುಳ್ಳು ಹೇಳಿದ್ದಕ್ಕೆ ಜೈಲೂ ಆಗಬಹುದು ಎಂದ.

ಅಳಿಯನನ್ನು ಬೂಬ ಹೆಗಲ ಮೇಲೆ ಕೂರಿಸಿಕೊಂಡು ಸಮುದ್ರ ತೋರಿಸಿದವನು. ಆದರೂ ಹೇಳಿದ:

"ಕೆಲಸ ಹೋದರೆ ನಿನಗೆ ಇನ್ನೊಂದು ಸಿಕ್ಕೀತು, ಉಮಾನಾಥ. ನಾನು ಹೋದರೆ ಇವಳಿಗೆ ಇನ್ನೊಬ್ಬ ಸಿಕ್ಕುತ್ತಾನಾ?"

ಉಮಾನಾಥ ಲೋಟ ಕೆಳಗಿಟ್ಟ. ಹೋಗುವಾಗ ಅತ್ತೆ ಎನ್ನಲಿಲ್ಲ.

ಆ ಸಂಜೆ ಗಂಡಹೆಂಡತಿ ಕಡಲ ಬದಿಯ ಮರಳಿನಲ್ಲಿ ಕೂತಿದ್ದಾಗ ಬೂಬ ಬರ್ಮಾದ ಮಾತು ತೆಗೆದ. ಅವನು ಯುದ್ಧದ ಕತೆ ಹೇಳುವವನೇ ಅಲ್ಲ. ಗುಂಡಿಗೆ ಹೆದರಲಿಲ್ಲ, ಹಸಿವಿಗೆ ಹೆದರಲಿಲ್ಲ, ಒಂದಕ್ಕೆ ಮಾತ್ರ ಹೆದರಿದೆ ಎಂದ. ಬೇರೆ ತುಕಡಿಯ ಒಬ್ಬ ಹುಡುಗ ಅವನ ತೊಡೆಯ ಮೇಲೆ ಪ್ರಾಣ ಬಿಟ್ಟಿದ್ದ. ಬಾಯಿಗೆ ನೀರು ಬಿಟ್ಟರೆ ನುಂಗಲಿಲ್ಲ, ಕೆನ್ನೆಯ ಮೇಲೆ ಹರಿದು ಹೋಯಿತು. ಕಣ್ಣು ಮಾತ್ರ ಹುಡುಕುತ್ತಿತ್ತು. ಬೂಬನಿಗೆ ಅವನ ಹೆಸರು ಗೊತ್ತಿರಲಿಲ್ಲ. ಬೂಬನ ಮನೆಯಲ್ಲಿ ಒಂದು ಕ್ರಮ ಉಂಟು: ಕಡೆಯ ನೀರು ಬಿಡುವಾಗ ಮನೆಯ ಹಿರಿ ಹೆಣ್ಣು ಹೆಸರು ಹಿಡಿದು ಕರೆಯಬೇಕು. ಕರೆದರೆ ಹೋಗುವವನು ನುಂಗುತ್ತಾನೆ, ನುಂಗಿದರೆ ಮನೆಯ ಹಿರಿಯರ ಜೊತೆ ಸೇರುತ್ತಾನೆ. ಕರೆಯದಿದ್ದರೆ ಬಾಯಾರಿಕೊಂಡು ಹೋದವನು ಬಾಯಾರಿಕೊಂಡೇ ತಿರುಗುತ್ತಾನೆ. ಆ ಹುಡುಗ ಈಗಲೂ ಆ ಕಾಡಿನಲ್ಲಿ ತಿರುಗುತ್ತಿರಬಹುದು ಎಂದು ಬೂಬ ಹೇಳಿದ. "ನನಗೆ ಆ ಹೆದರಿಕೆ ಇಲ್ಲ. ನನಗೆ ಅಕ್ಕ ಇದ್ದಾಳಲ್ಲ."

ಗುಲಾಬಿ ಅವನ ಬೆನ್ನು ನೀವಿದಳು. ಅವಳು ಒಂದು ದಿನವೂ ಅವನ ಹೆಸರು ಹೇಳಿದವಳಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಸವೆಯುತ್ತದೆ ಎಂದು ತಾಯಿ ಕಲಿಸಿದ್ದಳು. ಕರೆಯಬೇಕಾದರೆ "ಓಯಿ" ಎನ್ನುವಳು, ಬೇರೆಯವರ ಮುಂದೆ "ಇವರು" ಎನ್ನುವಳು.

ವಿಚಾರಣೆ ಉಡುಪಿಯ ಒಂದು ಕಚೇರಿಯಲ್ಲಿ ಆಯಿತು. ನಮ್ಮ ಜಿಲ್ಲೆ ಮದರಾಸಿನಿಂದ ಕಳಚಿ ಮೈಸೂರಿಗೆ ಸೇರಿ ಆರೇಳು ವರ್ಷವಾಗಿತ್ತು. ಅಧಿಕಾರಿ ಘಟ್ಟದ ಮೇಲಿನವರು, ಹೊಸಬರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಎಷ್ಟೋ ವಾಸಿಯಿತ್ತು, ಏನಾದರೂ ಕೊಟ್ಟು ಸರಿ ಮಾಡಬಹುದಿತ್ತು. ಇವರು ನೀತಿವಂತರು. ಒಬ್ಬ ಹೆಂಗಸಿಗೂ ಅನ್ಯಾಯವಾಗಬಾರದು ಎಂದು ಪಣ ತೊಟ್ಟವರು. ಅಂಥವರ ಕೈಗೆ ಸಿಕ್ಕಿದರೆ ದೇವರೇ ಕಾಯಬೇಕು.

ಒಳಗೆ ಹೋಗುವ ಮೊದಲು ಪೊರ್ಬುಗಳು ಗುಲಾಬಿಗೆ ಪಾಠ ಹೇಳಿಕೊಟ್ಟಿದ್ದರು. ತಲೆ ತಗ್ಗಿಸಿ ಗುಣಗುಣ ಎನ್ನಬಾರದು. ಕೇಳಿದ್ದಕ್ಕೆಲ್ಲ ಗಟ್ಟಿಯಾಗಿ ಉತ್ತರ ಕೊಡಬೇಕು. ಸರಕಾರದಲ್ಲಿ ಹೇಳದೆ ಉಳಿದದ್ದು ಇಲ್ಲ ಎಂದೇ ಲೆಕ್ಕ.

ಅಧಿಕಾರಿಗಳು ಮೊದಲು ಬೂಬನನ್ನು ಕೇಳಿದರು. ಗುಲಾಬಿ ಗೋಡೆಗೆ ಒರಗಿ ನಿಂತು ಕೇಳಿಸಿಕೊಂಡಳು. ವಾಸ ಎಲ್ಲಿ? ಕಾಪುವಿನಲ್ಲಿ, ಅಮ್ಮಣ್ಣಿಯ ಮನೆಯಲ್ಲಿ. ಯಾವಾಗಿನಿಂದ? ಹುಟ್ಟಿದಾಗಿನಿಂದ. ಸಂಬಳ ಕಳಿಸಿದ್ದು? ಅಮ್ಮಣ್ಣಿಗೆ. ಈಗಿನ ಪಿಂಚಣಿ? ಅಮ್ಮಣ್ಣಿಗೆ. ಈ ಗುಲಾಬಿ ಎಲ್ಲಿರುವುದು? ಅವಳ ತಾಯಿಯ ಮನೆಯಲ್ಲಿ. ನೀನು ಅಲ್ಲಿ ಯಾಕೆ ಇರುವುದಿಲ್ಲ? ಹೋಗಿ ಬರುತ್ತೇನೆ. ಯಾವಾಗ? ಹೆಚ್ಚಾಗಿ ಸಂಜೆ. ಅಧಿಕಾರಿಗಳ ಹುಬ್ಬು ಮೇಲೇರಿತು. ಮನೆ ಯಾರಿಗೆ ಸೇರುತ್ತದೆ? ಉಮಾನಾಥನಿಗೆ. ನಿನ್ನ ಉತ್ತರಕ್ರಿಯೆ ಯಾರು ಮಾಡುತ್ತಾರೆ? ಉಮಾನಾಥ.

ಬೂಬ ಒಂದೇ ಒಂದು ಸುಳ್ಳು ಹೇಳಲಿಲ್ಲ. ಹೇಳಿದ ಒಂದೊಂದು ಸತ್ಯವೂ ಅವನ ಕಾಲಿಗೇ ಸುತ್ತಿಕೊಂಡಿತು. ಪೊರ್ಬುಗಳು ಎದ್ದು, ಸ್ವಾಮಿ, ಇದು ಅಳಿಯಸಂತಾನ, ಇಲ್ಲಿಯ ಕ್ರಮವೇ ಹೀಗೆ ಎಂದು ಬಿಡಿಸಿ ಹೇಳಲು ಹೋದರು. ಅಧಿಕಾರಿಗಳು ಕೈ ಎತ್ತಿ ತಡೆದರು. ಅಳಿಯಸಂತಾನ ನನಗೂ ಗೊತ್ತು, ಪುಸ್ತಕದಲ್ಲಿ ಓದಿದ್ದೇನೆ, ಅದೆಲ್ಲ ಆಸ್ತಿಪಾಸ್ತಿಯ ಮಾತು, ಹೆಂಡತಿಯನ್ನು ಅಕ್ಕ ಎನ್ನಲಿಕ್ಕೆ ಯಾವ ಸಂತಾನವೂ ಬಿಡುವುದಿಲ್ಲ ಎಂದರು. ಹೆಜಮಾಡಿಯ ಸಾಕ್ಷಿಯೆಲ್ಲ ಗುಲಾಬಿಯ ಕಡೆಯದೇ ಎಂದು ಬಿಟ್ಟು, ಕಾಪುವಿನ ನೆರೆಯವರನ್ನು ಕರೆಸಿದ್ದರು. ಅವರಿಗೆ ಗೊತ್ತಿಲ್ಲದ ವಿಷಯವೇ? ಆದರೆ ಬಾಯಿ ಬಿಟ್ಟರೆ ಊರ ಹುಡುಗ ಜೈಲಿಗೆ. ಅದೂ ಎಂಥ ಹುಡುಗ, ಎಲ್ಲರ ಕಾಗದಪತ್ರ ಕೆಲಸ ಮಾಡಿಸಿಕೊಡುವವನು. ಗುಲಾಬಿ ಯಾರು, ಹೆಜಮಾಡಿಯಿಂದ ಬಂದವಳು. ಬೇರೆಯವರ ಮನೆಯ ವಿಷಯಕ್ಕೆ ನಾವು ಬಾಯಿ ಹಾಕುವುದಿಲ್ಲ ಎಂದು ಭಾರಿ ಮರ್ಯಾದಸ್ಥರಂತೆ ಕೈಮುಗಿದು ಹೊರಗೆ ಹೋದರು. ಇಡೀ ಊರಿಗೆ ಒಂದು ನಾಲಗೆ ಇರಲಿಲ್ಲ ನೋಡಿ.

ಆಮೇಲೆ ಗುಲಾಬಿಯ ಸರದಿ. ಅಧಿಕಾರಿಗಳು ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಇವರು ನಿನಗೆ ಏನಾಗಬೇಕಮ್ಮಾ?"

"ಗಂಡ."

"ಗಂಡನ ಹೆಸರೇನು?"

ಹತ್ತು ವರ್ಷ ನಾಲಗೆಯ ಮೇಲೆ ಬರಗೊಡದ ಹೆಸರು. ಹೇಳಿದರೆ ಅವನ ಆಯುಷ್ಯ ಹೋಗುತ್ತದೆ, ಈಗಲೇ ಅದು ಎಷ್ಟು ಉಳಿದಿದೆ? ಹೇಳದಿದ್ದರೆ, ಗಂಡನ ಹೆಸರೇ ತಿಳಿಯದವಳು ಎಂಥ ಹೆಂಡತಿ ಎಂದು ಬರೆದುಬಿಡುತ್ತಾರೆ. ಹೇಳದೆ ಉಳಿದದ್ದು ಇಲ್ಲ ಎಂದೇ ಲೆಕ್ಕ. ಅವಳು ಸುಭಾಷಿಣಿಯನ್ನು ನೆನೆದಳು. ಕಣ್ಣು ಮುಚ್ಚಿದಳು. ಮನಸ್ಸಿನಲ್ಲಿಯೇ ಗಂಡನ ಕಾಲು ಹಿಡಿದು ಕ್ಷಮೆ ಕೇಳಿದಳು.

"ಬೂಬ," ಎಂದಳು. ಗಟ್ಟಿಯಾಗಿಯೇ ಹೇಳಿದಳು.

ಅಧಿಕಾರಿಗಳು ತಲೆಯಾಡಿಸಿ ಅಮ್ಮಣ್ಣಿಯನ್ನು ಮುಂದೆ ಕರೆದರು. ಅವಳು ಹಸಿರು ಬಳೆಯ ಕೈಗಳನ್ನು ಜೋಡಿಸಿಕೊಂಡು ಬಂದು ನಿಂತಳು. ಪಕ್ಕದಲ್ಲಿ ಉಮಾನಾಥ. ಅಕ್ಕ ಈಗ ಹೇಳುತ್ತಾಳೆ ಎಂದು ಬೂಬ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಾಗಿದ. ಅವನ ಮುಖದಲ್ಲಿ ಧೈರ್ಯವಿತ್ತು.

"ನೀನು ಹೇಳಮ್ಮ. ಇವರ ಹೆಸರೇನು?"

ಅಮ್ಮಣ್ಣಿ ತಮ್ಮನನ್ನು ನೋಡಿದಳು, ಮಗನನ್ನು ನೋಡಿದಳು. ದಿನಕ್ಕೆ ನೂರು ಸಲ ಕರೆದ ಹೆಸರು. ತುಟಿ ಒಮ್ಮೆ ಅದುರಿತು. ಮತ್ತೆ ನಿಧಾನವಾಗಿ ತಲೆ ತಗ್ಗಿಸಿದಳು. ಸೆರಗಿನ ತುದಿ ಎಳೆದು ಬಾಯಿಗೆ ಒತ್ತಿಕೊಂಡಳು. ಮಗನ ಕಡೆ ತಿರುಗಿ, "ನೀನೇ ಹೇಳು," ಎಂದಳು.

ಉಮಾನಾಥ ಹೇಳಿದ.

ಅಧಿಕಾರಿಗಳು ಕುರ್ಚಿಗೆ ಒರಗಿದರು. ಮುಖದಲ್ಲಿ ಏನು ಸಂತೋಷ, ಏನು ತೃಪ್ತಿ! ಕಾಗದಪತ್ರ ಸುಳ್ಳು ಹೇಳಬಹುದು, ಸಾಕ್ಷಿಗಳು ಸುಳ್ಳು ಹೇಳಬಹುದು, ಆದರೆ ಹೆಣ್ಣಿನ ನಾಚಿಕೆ ಸುಳ್ಳು ಹೇಳುವುದಿಲ್ಲ ಎಂದರು. ನಮ್ಮ ಮನೆಯಾಕೆಯೂ ಹೀಗೇ, ಇಪ್ಪತ್ತು ವರ್ಷವಾದರೂ ನನ್ನ ಹೆಸರು ಹೇಳಿಲ್ಲ ಎಂದು ಗುಮಾಸ್ತನಿಗೆ ಹೇಳಿ ನಕ್ಕರು. ಗುಲಾಬಿಯ ಕಡೆ ತಿರುಗಿದಾಗ ನಗು ಇರಲಿಲ್ಲ.

"ನೋಡಮ್ಮ, ಬೀದಿಯಲ್ಲಿ ಕೂಗಿದ ಹಾಗೆ ಹೆಸರು ಹೇಳಿದೆಯಲ್ಲ, ತಾಳಿ ಕಟ್ಟಿಸಿಕೊಂಡವಳು ಹಾಗೆ ಹೇಳೋದಿಲ್ಲ. ಇನ್ನೊಬ್ಬಳ ಸಂಸಾರ ಹಾಳು ಮಾಡಬೇಡ. ಹೋಗು."

ಬೂಬ ಎದ್ದು ನಿಂತ. "ಅಕ್ಕಾ," ಎಂದ. ಅಷ್ಟೇ ಹೇಳಿದ್ದು. ಆಮೇಲೆ ಕೆಮ್ಮು ಬಂತು, ಕರವಸ್ತ್ರದಲ್ಲಿ ರಕ್ತ ಬಂತು. ಈ ಪ್ರಾಯದಲ್ಲಿ ಹೆಂಡತಿಯನ್ನು ಅಕ್ಕ ಎಂದು ಕರೆದು ಅವಮಾನ ಮಾಡುತ್ತೀಯಲ್ಲಯ್ಯ ಎಂದು ಅಧಿಕಾರಿಗಳು ಬೇಸರಪಟ್ಟರು. ಅಮ್ಮಣ್ಣಿ ತಲೆ ಎತ್ತದೆ ಹೊರಗೆ ಹೋದಳು.

ಪೊರ್ಬುಗಳು ಜಗಲಿಗೆ ಬಂದು ಟೋಪಿ ತೆಗೆದು ಕೂತರು. ತಪ್ಪು ನನ್ನದು, ಗಟ್ಟಿಯಾಗಿ ಹೇಳು ಎಂದು ಕಲಿಸಿದವನು ನಾನೇ ಎಂದರು. ಆದರೂ ಬಿಡುವವರಲ್ಲ. ಮೇಲಿನವರಿಗೆ ಇನ್ನೊಂದು ಅರ್ಜಿ ಹೊಡೆದರು. ಆ ಅರ್ಜಿಯ ಮೇಲೆ, ಮನೆಗೇ ಹೋಗಿ ಕಣ್ಣಾರೆ ನೋಡಿ ವರದಿ ಕೊಡಿ ಎಂದು ಅಪ್ಪಣೆಯಾಯಿತು. ಒಬ್ಬ ಇನ್ಸ್‌ಪೆಕ್ಟರ್ ಬರಬೇಕು, ಯಾವಾಗ ಬರುತ್ತಾರೆ ಎಂದು ಮಾತ್ರ ಗೊತ್ತಿಲ್ಲ.

"ಇನ್ನೊಂದು ಸಲ ಅವಕಾಶ ಸಿಕ್ಕಿದೆ ಗುಲಾಬಿ, ಕಡೆಯದು," ಎಂದರು ಪೊರ್ಬುಗಳು. "ಇನ್ಸ್‌ಪೆಕ್ಟರ್ ಬಂದಾಗ ಗಂಡನ ತಲೆಯ ಹತ್ತಿರ ಕೂತುಕೋ. ಆಕಾಶ ಬಿದ್ದರೂ ಹೆಸರು ಹೇಳಬೇಡ. ಅಮ್ಮಣ್ಣಿಯ ಬಾಯಿಂದ ತಪ್ಪಿ ಒಮ್ಮೆ ಬಂದರೆ ಸಾಕು, ಅವಳು ಎಷ್ಟು ದಿನ ತಡೆದಾಳು?"

ಎಷ್ಟು ದಿನ ತಡೆದಾಳು ಎಂದು ಗುಲಾಬಿಗೂ ಅನಿಸಿತ್ತು. ಆದರೆ ಅಮ್ಮಣ್ಣಿ ತಡೆದಳು. ಆ ವಿಚಾರಣೆಯ ನಂತರ ಕಾಪುವಿನ ಮನೆಯಲ್ಲಿ "ಬೂಬಾ" ಎಂಬ ಕೂಗು ನಿಂತಿತಂತೆ. ಊಟಕ್ಕೆ ಕರೆಯಬೇಕಾದರೆ ಬಟ್ಟಲು ಕುಟ್ಟುವಳು. ಬೂಬ ಅವಳ ಕೈಯ ಗಂಜಿ ಉಣ್ಣುತ್ತಿದ್ದ, ಮಾತಾಡುತ್ತಿರಲಿಲ್ಲ. ಗುಲಾಬಿ ಹೆಜಮಾಡಿಗೆ ಕರೆದಳು. ಹುಟ್ಟಿದ ಮನೆಯ ಚಾವಡಿಯಲ್ಲಿಯೇ ಸಾಯಬೇಕು, ಹೆಂಡತಿಯ ಮನೆಯಲ್ಲಿ ಸತ್ತರೆ ಹಿರಿಯರಿಗೆ ಸಲ್ಲುವುದಿಲ್ಲ ಎಂದ. ಅಷ್ಟಾದ ಮೇಲೂ ಅವನಿಗೆ ಆ ಮನೆಯ ಕ್ರಮ ಬೇಕಿತ್ತು. ಅಕ್ಕ ಬೇಕಿದ್ದಳು. ಗುಲಾಬಿಗೆ ಸಿಟ್ಟು ಬಂತು, ಹೊಟ್ಟೆ ಉರಿಯಿತು, ಅತ್ತಳು, ಮತ್ತೆ ಮೀನಿನ ಬುಟ್ಟಿ ಹೊತ್ತಳು.

ಮಳೆ ಮುಗಿಯುತ್ತಿದ್ದ ಕಾಲದಲ್ಲಿ ಒಂದು ಬೆಳಿಗ್ಗೆ ಹೇಳಿಕೆ ಬಂತು, ಬೂಬನಿಗೆ ಜೋರಾಗಿದೆ ಎಂದು. ಗುಲಾಬಿ ಬುಟ್ಟಿಯನ್ನು ದಾರಿಯಲ್ಲಿಯೇ ಯಾರಿಗೋ ಕೊಟ್ಟು ಬಸ್ಸು ಹತ್ತಿದಳು. ಕಾಪುವಿನ ಮನೆಯ ಅಂಗಳದಲ್ಲಿ ಬಾಡಿಗೆ ಕಾರು ನಿಂತಿತ್ತು. ಚಾವಡಿಯ ಬೆಂಚಿನಲ್ಲಿ ಕೋಟು ಹಾಕಿದ ಒಬ್ಬರು ಕೂತು ಬೊಂಡ ಕುಡಿಯುತ್ತಿದ್ದರು. ಅವರೇ ಇನ್ಸ್‌ಪೆಕ್ಟರ್. ತಾವಾಗಿ ಬಂದವರಲ್ಲ. ಮಾವ ಇವತ್ತು ಉಳಿಯುವುದಿಲ್ಲ ಎಂದು ನೋಡಿ ಉಮಾನಾಥನೇ ಹೋಗಿ ಕರೆತಂದದ್ದು. ಗಂಡ ಸಾಯುವಾಗ ಹೆಂಡತಿ ಯಾರೆಂದು ಕಣ್ಣಾರೆ ನೋಡಿಬಿಡಲಿ ಎಂದು. ಡಾಕ್ಟರನ್ನು ಕರೆಯಲು ಕಾರು ಸಿಗಲಿಲ್ಲವಂತೆ, ಇದಕ್ಕೆ ಸಿಕ್ಕಿತ್ತು.

ಬೂಬ ಚಾವಡಿಯ ನಡುವೆ ಚಾಪೆಯ ಮೇಲೆ ಮಲಗಿದ್ದ. ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಮಾತು ಹೋಗಿತ್ತು, ಕಣ್ಣು ಹೋಗಿರಲಿಲ್ಲ. ಗುಲಾಬಿ ಯಾರನ್ನೂ ಕೇಳದೆ ಹೋಗಿ ಅವನ ತಲೆಯ ಹತ್ತಿರ ಕೂತಳು. ಪೊರ್ಬುಗಳ ಮಾತು ಅವಳ ಕಿವಿಯಲ್ಲಿತ್ತು. ಸೆರಗನ್ನು ತಲೆಯ ಮೇಲೆ ಎಳೆದು ಬಾಯಿ ಬಿಗಿದಳು. ಇನ್ಸ್‌ಪೆಕ್ಟರ್ ಇಬ್ಬರು ಹೆಂಗಸರನ್ನೂ ಬದಲಿಸಿ ಬದಲಿಸಿ ನೋಡಿದರು.

ಒಳಗಿನಿಂದ ಅಮ್ಮಣ್ಣಿ ತುಳಸಿ ಹಾಕಿದ ನೀರಿನ ಗಿಂಡಿ ತಂದಳು. ತಮ್ಮನ ಪಕ್ಕ ಕೂತಳು. ನೆರೆಯ ಹೆಂಗಸರು ಬಾಗಿಲಲ್ಲಿ ಸೇರಿದರು. ಅವರೆಲ್ಲರಿಗೂ ಆ ಮನೆಯ ಕ್ರಮ ಗೊತ್ತು. ಅಮ್ಮಣ್ಣಿ ಗಿಂಡಿ ಬಾಗಿಸಿ ತುಟಿಗೆ ನೀರು ಬಿಟ್ಟಳು. ಕರೆಯಲಿಲ್ಲ.

ನೀರು ಬೂಬನ ಕೆನ್ನೆಯ ಮೇಲೆ ಹರಿದು ಚಾಪೆಗೆ ಇಳಿಯಿತು. ಅವನ ಕಣ್ಣು ಅಕ್ಕನ ಮುಖದ ಮೇಲೆ ನಿಂತಿತು. ಕಾಯುತ್ತಿದ್ದ. ಅಮ್ಮಣ್ಣಿಯ ಬಳೆ ಸದ್ದಾಯಿತು. ತುಟಿ ಕೂಡಿಸಿದಳು. ಬಂದೇಬಿಟ್ಟಿತು ಎಂದುಕೊಂಡಳು ಗುಲಾಬಿ. ಒಂದು ಕರೆ ಬಂದರೆ ಅವನಿಗೂ ನೀರು, ತನಗೂ ಬದುಕು. ಅಷ್ಟರಲ್ಲಿ ಉಮಾನಾಥ ತಾಯಿಯ ಹಿಂದೆ ಬಂದು ನಿಂತು ಹೆಗಲ ಮೇಲೆ ಮೆಲ್ಲಗೆ ಕೈ ಇಟ್ಟ. ನೋಡುವವರಿಗೆ ಅದು ತಾಯಿಯನ್ನು ಸಮಾಧಾನ ಮಾಡಿದ ಹಾಗೆ. ಅಮ್ಮಣ್ಣಿಯ ತುಟಿ ಮುಚ್ಚಿತು. ಇನ್ನೊಮ್ಮೆ ನೀರು ಬಿಟ್ಟಳು. ಅದೂ ಹರಿದು ಹೋಯಿತು.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಮುದ್ದು ಮಾಡಲಿ ಬೇಡ ಅನ್ನುವುದಿಲ್ಲ. ಸಾಯುವವನ ಗಂಟಲು ಒಣಗಿಸಿ ಮುದ್ದು ಮಾಡುತ್ತಾರೆಯೇ?

ಬೂಬನ ಕಣ್ಣು ಅಕ್ಕನನ್ನು ಬಿಟ್ಟು ಅಲೆಯತೊಡಗಿತು. ಮೇಲೆ ಮಾಡಿನ ಕಡೆ, ಬಾಗಿಲ ಕಡೆ, ಹೆಂಗಸರ ಕಡೆ. ಮರಳಿನ ಮೇಲೆ ಹೇಳಿದ ಆ ಹುಡುಗನ ಮಾತು ಗುಲಾಬಿಗೆ ನೆನಪಾಯಿತು. ಅವಳು ಬಾಯಿಗೆ ಸೆರಗು ತುರುಕಿಕೊಂಡಳು. ಹೇಳಬಾರದು. ಸುಭಾಷಿಣಿಯ ಶಾಲೆ, ಸುಭಾಷಿಣಿಯ ಮದುವೆ. ಹೇಳಬಾರದು. ಕೋಟಿನವರು ನೋಡುತ್ತಿದ್ದಾರೆ. ಇವನು ಇನ್ನೊಂದು ಗಳಿಗೆಯಲ್ಲಿ ಹೋಗುತ್ತಾನೆ, ಬಾಯಾರಿಕೊಂಡು ಹೋಗಲಿ, ಮಗಳು ಇನ್ನೂ ಬದುಕಬೇಕು. ಹೇಳಬಾರದು, ಹೇಳಬಾರದು ಎಂದು ಗಟ್ಟಿ ಮಾಡಿಕೊಂಡಳು. ಬೂಬನ ಕಣ್ಣು ತಿರುಗಿ ತಿರುಗಿ ಕಡೆಗೆ ಅವಳ ಮೇಲೆ ಬಂತು. ಏನೂ ಕೇಳಲಿಲ್ಲ. ಅವಳಿಂದ ಆಗದು ಎಂದು ಅವನಿಗೆ ಗೊತ್ತಿತ್ತು.

ಗುಲಾಬಿ ಅಮ್ಮಣ್ಣಿಯ ಕೈಯಿಂದ ಗಿಂಡಿ ಕಿತ್ತುಕೊಂಡಳು.

"ಬೂಬಾ," ಎಂದಳು. "ಬೂಬಾ, ನೀರು ಕುಡಿ."

ಏಕವಚನದಲ್ಲಿ, ಮನೆಯ ಹಿರಿಯಳ ಹಾಗೆ, ಚಾವಡಿಯೆಲ್ಲ ಕೇಳುವ ಹಾಗೆ ಕರೆದಳು. ಬೂಬನ ಗಂಟಲು ಮೇಲೆ ಕೆಳಗೆ ಆಡಿತು. ನುಂಗಿದ. ಇನ್ನೊಂದು ಗುಟುಕು ನುಂಗಿದ. ಆಮೇಲೆ ಎದೆ ಇಳಿದದ್ದು ಏರಲಿಲ್ಲ.

ಯಾರೂ ಅಳಲು ಶುರು ಮಾಡುವ ಮೊದಲೇ ಇನ್ಸ್‌ಪೆಕ್ಟರ್ ತಗ್ಗಿದ ದನಿಯಲ್ಲಿ, ಈ ಹೆಂಗಸು ಯಾರು ಎಂದು ಉಮಾನಾಥನನ್ನು ಕೇಳಿದರು.

"ಹೆಜಮಾಡಿಯವಳು," ಎಂದ ಉಮಾನಾಥ. ಅಷ್ಟೇ ಹೇಳಿದ.

"ಗೊತ್ತಾಯಿತು ಬಿಡಿ," ಎಂದು ಅವರು ಪೆನ್ನಿನ ಟೋಪಿ ತೆಗೆದರು.

ಆಮೇಲೆ ಬಳೆ ಒಡೆಯುವ ಮಾತು ಬಂತು. ನೆರೆಯ ಹೆಂಗಸರು ಇಬ್ಬರು ಮುಂದೆ ಬಂದು ನಡುವಿನಲ್ಲಿಯೇ ತಡೆದು ನಿಂತರು, ಯಾರ ಕೈ ಹಿಡಿಯಬೇಕು ಎಂದು. ಗುಲಾಬಿ ತನ್ನ ಎರಡು ಕೈಯನ್ನೂ ಮುಂದೆ ಚಾಚಿದ್ದಳು. ಉಮಾನಾಥ, "ಅಮ್ಮನದ್ದು," ಎಂದ. ಅವರು ಗುಲಾಬಿಯನ್ನು ದಾಟಿ ಹೋದರು.

ಅಮ್ಮಣ್ಣಿ ಕೈ ಹಿಂದೆ ಎಳೆದುಕೊಂಡಳು. ಕಿಟ್ಟನಿಗಾಗಿ ಇಪ್ಪತ್ತು ವರ್ಷ ಉಳಿಸಿಕೊಂಡಿದ್ದ ಬಳೆ. ಬದುಕಿದ್ದಾನೋ ಏನೋ, ಬಂದಾನೋ ಏನೋ. "ಬೇಡ ಮಗ," ಎಂದಳು. ಉಮಾನಾಥ ಬಗ್ಗಿ ಅವಳ ಕೈಯನ್ನು ತಾನೇ ಹಿಡಿದು ಹೆಂಗಸರ ಮುಂದೆ ಇಟ್ಟ. ಹಸಿರು ಚೂರುಗಳು ಚಾವಡಿಯ ಮೇಲೆ ಬಿದ್ದವು. ಕರಿಮಣಿಯನ್ನೂ ತೆಗೆದರು. ಆಗ ಅಮ್ಮಣ್ಣಿ ಬಾಯಿ ಬಿಟ್ಟು ಅತ್ತಳು. ಹೆಸರಿಲ್ಲದ ಅಳು ಅದು, ತಮ್ಮನದ್ದೋ ಗಂಡನದ್ದೋ ಅವಳಿಗೂ ಗೊತ್ತಿರಲಿಕ್ಕಿಲ್ಲ. ಎಂಥ ದುಃಖ ಪಾಪ ಎಂದು ಇನ್ಸ್‌ಪೆಕ್ಟರ್ ಕನ್ನಡಕ ಒರೆಸಿಕೊಂಡರು.

ಗುಲಾಬಿಯನ್ನು ಹೆಣದ ಹಿಂದೆ ಹೋಗಗೊಡಲಿಲ್ಲ. ಬೇಲಿಯ ಹೊರಗೆ ನಿಂತು ಹೊಗೆ ಏಳುವುದನ್ನು ನೋಡಿದಳು. ಆಮೇಲೆ ನಡೆದುಕೊಂಡು ಮಾರ್ಗಕ್ಕೆ ಬಂದು ಹೆಜಮಾಡಿಯ ಬಸ್ಸು ಹತ್ತಿದಳು.

ಪಕ್ಕದಲ್ಲಿ ಒಬ್ಬಳು ಮುದುಕಿ ಕೂತಿದ್ದಳು. ಮೀನು ಮಾರುವವಳೇ, ಖಾಲಿ ಬುಟ್ಟಿ ಮಡಿಲಲ್ಲಿತ್ತು. ಗುಲಾಬಿಯ ಕಣ್ಣು ನೋಡಿ ಕನಿಕರಪಟ್ಟಳು. ಬೆನ್ನಿನ ಮೇಲೆ ಕೈ ಇಟ್ಟು, ಯಾರು ಹೋದದ್ದು ಮಗಾ ಎಂದು ಕೇಳಿದಳು.

"ಕಾಪುವಿನ ಬೂಬ," ಎಂದಳು ಗುಲಾಬಿ.

"ನಿನಗೆ ಏನಾಗಬೇಕು?"

"ಗಂಡ."

ಮುದುಕಿ ಅವಳ ಕೈಯ ಬಳೆ ನೋಡಿದಳು, ಕುತ್ತಿಗೆಯ ಕರಿಮಣಿ ನೋಡಿದಳು. ಬೆನ್ನಿನ ಮೇಲಿಟ್ಟ ಕೈ ತೆಗೆದಳು. ಮುಂದಿನ ಸ್ಟಾಪಿನಲ್ಲಿ ಜಾಗ ಖಾಲಿಯಾದಾಗ ಬುಟ್ಟಿ ಎತ್ತಿಕೊಂಡು ಬೇರೆ ಸೀಟಿಗೆ ಹೋಗಿ ಕೂತಳು.